ಪ್ರೊಸೆಸರ್ ಕೊಳ್ಳುವ ಮುಂಚೆ ನಿಮ್ಮ ಕೆಲಸ ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತೆ ನೋಡಿ

"ಇಂಟೆಲ್ ತಗೊಳ್ಳೋದಾ, ಎಎಂಡಿ ತಗೊಳ್ಳೋದಾ?" ಕಂಪ್ಯೂಟರ್ ಬಗ್ಗೆ ನಾಲ್ಕು ಮಾತು ಬಲ್ಲವರು ಅಂತ ಹೆಸರು ಬಿದ್ದರೆ ಸಾಕು, ಮೈಸೂರಿನಲ್ಲಿ ಮದುವೆ ಊಟದ ಪಂಕ್ತಿಯಲ್ಲೂ ಈ ಪ್ರಶ್ನೆ ತಪ್ಪಿದ್ದಲ್ಲ. ಎರಡೂ ಕಂಪ್ಯೂಟರಿನ ಮಿದುಳಾದ ಪ್ರೊಸೆಸರ್ ಚಿಪ್‌ಗಳ ಕಂಪನಿಗಳು. ಕೇಳುವವರಿಗೆ ಒಂದು ಹೆಸರು ಬೇಕು, ಅಷ್ಟೇ. ಅಂಗಡಿಯಲ್ಲಿ ಕೇಳಿದರೆ ಹೆಸರು ಸಿಗುತ್ತದೆ. ಅದು ಎಷ್ಟೋ ಸಲ ಅವತ್ತು ಸ್ಟಾಕ್ ಇರುವ ಮಾಲಿನ ಹೆಸರು. ನಾನಂತೂ ಹೆಸರು ಹೇಳುವ ಮುಂಚೆ "ಅದರಲ್ಲಿ ಏನು ಕೆಲಸ ಮಾಡ್ತೀರಿ?" ಅಂತ ಕೇಳುತ್ತೇನೆ. ಸರಸ್ವತಿಪುರಂನ ಆಡಿಟರ್ ಆಫೀಸಿಗೆ ಹೇಳಿ ಮಾಡಿಸಿದಂಥ ಚಿಪ್ ಮಂಡ್ಯದ ಮದುವೆ ವಿಡಿಯೋ ಸ್ಟುಡಿಯೋದಲ್ಲಿ ಏದುಸಿರು ಬಿಡಬಹುದು.

ಹಾಗಾಗಿ ಇಲ್ಲಿ "ಯಾವುದು ಬೆಸ್ಟ್" ಅನ್ನೋ ಪಟ್ಟಿ ಇಲ್ಲ. ನಿಮ್ಮ ಕೆಲಸ ಎಲ್ಲಿ ತಡವಾಗುತ್ತಿದೆ ಅಂತ ಕಂಡುಕೊಂಡು, ಆಮೇಲೆ ಚಿಪ್‌ಗಳನ್ನು ಹೋಲಿಸುವ ದಾರಿ ಇದೆ.

ಒಂದು: ಈಗಿರುವ ಕಂಪ್ಯೂಟರನ್ನೇ ಮೊದಲು ನೋಡಿ

ನಿಮ್ಮನ್ನು ಜಾಸ್ತಿ ಕಾಯಿಸುವ ಕೆಲಸ ಯಾವುದೋ ಅದನ್ನು ಶುರು ಮಾಡಿ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಪರ್ಫಾರ್ಮೆನ್ಸ್ ಪುಟಕ್ಕೆ ಹೋಗಿ, ಸಿಪಿಯು (ಅಂದರೆ ಪ್ರೊಸೆಸರ್) ಗ್ರಾಫ್ ಮೇಲೆ ರೈಟ್ ಕ್ಲಿಕ್ ಮಾಡಿ, ಲಾಜಿಕಲ್ ಪ್ರೊಸೆಸರ್ ತೋರಿಸುವಂತೆ ಬದಲಿಸಿ. ಒಂದು ದೊಡ್ಡ ಗ್ರಾಫ್ ಹೋಗಿ ಚಿಕ್ಕ ಚಿಕ್ಕ ಚೌಕಗಳು ಬರುತ್ತವೆ. ಒಂದೊಂದು ಚೌಕವೂ ಒಂದೊಂದು ಥ್ರೆಡ್, ಅಂದರೆ ಚಿಪ್ ಒಟ್ಟಿಗೆ ನಡೆಸಬಲ್ಲ ಕೆಲಸದ ಸಾಲುಗಳಲ್ಲಿ ಒಂದು. ಈ ಸಾಲುಗಳನ್ನು ನಡೆಸುವ ಚಿಪ್ ಒಳಗಿನ ಘಟಕವೇ ಕೋರ್, ಕೆಲವು ಕೋರ್‌ಗಳು ಎರಡೆರಡು ಥ್ರೆಡ್ ನಡೆಸುತ್ತವೆ. ಲಿನಕ್ಸ್‌ನವರಿಗೆ ಎಚ್‌ಟಾಪ್ ಇದೆ, ಮ್ಯಾಕ್‌ನವರಿಗೆ ಆಕ್ಟಿವಿಟಿ ಮಾನಿಟರ್.

ಎಲ್ಲ ಚೌಕಗಳೂ ತುಂಬಿ 100 ಮುಟ್ಟಿದ್ದರೆ ಲೆಕ್ಕ ಸುಲಭ. ನಿಮ್ಮ ಕೆಲಸ ಹಂಚಿಕೊಂಡು ಓಡುತ್ತಿದೆ, ಹೆಚ್ಚು ಕೋರ್ ಕೊಟ್ಟರೆ ಬೇಗ ಮುಗಿಯುತ್ತದೆ.

ಮೋಸ ಹೋಗುವುದು ಇನ್ನೊಂದು ಸಂದರ್ಭದಲ್ಲಿ. ನೀವು ಕಾಯುತ್ತಾ ಕೂತಿದ್ದೀರಿ, ಸಿಪಿಯು ಮಾತ್ರ ಬರೀ 8 ಅಥವಾ 10 ಶೇಕಡ ತೋರಿಸುತ್ತಿದೆ. "ಪ್ರೊಸೆಸರ್ ಸುಮ್ನೆ ಕೂತಿದೆಯಲ್ಲ, ತಪ್ಪು ಅದರದ್ದಲ್ಲ" ಅನ್ನಿಸುತ್ತದೆ. ನಿಮ್ಮದು 12 ಥ್ರೆಡ್‌ನ ಚಿಪ್ ಆಗಿದ್ದರೆ 100ನ್ನು 12ರಿಂದ ಭಾಗಿಸಿ ನೋಡಿ: 8.3. ಅಂದರೆ ಒಂದು ಥ್ರೆಡ್ ಉಸಿರು ಬಿಗಿಹಿಡಿದು ಓಡುತ್ತಿದೆ, ಉಳಿದ 11 ಖಾಲಿ. ವಿಂಡೋಸ್ ಆ ಕೆಲಸವನ್ನು ಒಂದು ಕೋರ್‌ನಿಂದ ಇನ್ನೊಂದಕ್ಕೆ ದಾಟಿಸುತ್ತಾ ಇರುವುದರಿಂದ ಯಾವ ಚೌಕವೂ ಪೂರ್ತಿ ತುಂಬಿದಂತೆ ಕಾಣದೆಯೂ ಇರಬಹುದು. ಇಂಥ ಕೆಲಸಕ್ಕೆ 24 ಕೋರ್ ತಂದರೂ ಪ್ರಯೋಜನವಿಲ್ಲ. ಒಂದೊಂದು ಕೋರ್ ಎಷ್ಟು ಚುರುಕು ಅನ್ನೋದಷ್ಟೇ ಮುಖ್ಯ.

ಸಿಪಿಯು ಸುಮ್ಮನಿದ್ದು ಡಿಸ್ಕ್ 100 ತೋರಿಸುತ್ತಿದ್ದರೆ ಎಸ್‌ಎಸ್‌ಡಿ ಹಾಕಿಸಿ. ಮೆಮೊರಿ ತುಂಬಿ ತುಳುಕುತ್ತಿದ್ದರೆ ರ‍್ಯಾಮ್ ಹಾಕಿಸಿ. ಎಷ್ಟೋ ಆಫೀಸುಗಳ ಕಥೆ ಇಲ್ಲಿಗೇ ಮುಗಿಯುತ್ತದೆ. ಅವರು ಈ ಲೇಖನದ ಉಳಿದ ಭಾಗ ಓದಬೇಕಿಲ್ಲ.

ನಡುವಿನ ಸ್ಥಿತಿಯೂ ಉಂಟು. ಕೆಲಸದ ಒಂದು ಪಾಲು ಹಂಚಿಕೊಳ್ಳುತ್ತದೆ, ಇನ್ನೊಂದು ಪಾಲು ಸಾಲಾಗಿ ಒಂದಾದ ಮೇಲೊಂದು ನಡೆಯಲೇಬೇಕು. ಕಂಪ್ಯೂಟರ್ ವಿನ್ಯಾಸಕಾರ ಜೀನ್ ಆಮ್ಡಾಲ್ 1967ರಲ್ಲೇ ಇದರ ಲೆಕ್ಕ ಹೇಳಿದ್ದರು. ಮುಕ್ಕಾಲು ಪಾಲು ಹಂಚಬಹುದಾದ ಕೆಲಸ ಅಂತಿಟ್ಟುಕೊಳ್ಳಿ. 4 ಕೋರ್ ಹಾಕಿದರೆ ಸುಮಾರು 2.3 ಪಟ್ಟು ವೇಗ. 16 ಕೋರ್ ಹಾಕಿದರೆ 3.4 ಪಟ್ಟು. ಕೋರ್‌ಗಳಿಗೆ ಲೆಕ್ಕವೇ ಇಡದೆ ಸುರಿದರೂ 4 ಪಟ್ಟು ದಾಟುವುದಿಲ್ಲ. ಮಂಡ್ಯ ಕಡೆಯ ಆಲೆಮನೆ ಕಂಡವರಿಗೆ ಇದು ಹೊಸದಲ್ಲ. ಕೊಪ್ಪರಿಗೆ ಎಷ್ಟಿದ್ದರೇನು, ಗಾಣ ಒಂದೇ ಆದರೆ ರಸ ಬರೋದು ಅಷ್ಟೇ.

ಎರಡು: ಮೂರು ಬಗೆಯ ಚಿಪ್‌ಗಳು ಹೇಗೆ ಬೇರೆ ಅಂತ ತಿಳಿಯಿರಿ

ಇಂಟೆಲ್ ಮತ್ತು ಎಎಂಡಿ ಎರಡೂ ಒಂದೇ ಭಾಷೆ ಮಾತಾಡುವ ಚಿಪ್‌ಗಳು. 1978ರ ಇಂಟೆಲ್ 8086 ಚಿಪ್ಪಿನಿಂದ ಬಂದ ಎಕ್ಸ್86 ವಂಶ. ಅದರ 64 ಬಿಟ್ ರೂಪವನ್ನು 2003ರಲ್ಲಿ ಮೊದಲು ಮಾರುಕಟ್ಟೆಗೆ ತಂದದ್ದು ಎಎಂಡಿ, ಆಮೇಲೆ ಇಂಟೆಲ್ ಕೂಡ ಅದನ್ನೇ ಒಪ್ಪಿಕೊಂಡಿತು. ಆದ್ದರಿಂದ "ಎಎಂಡಿಯಲ್ಲಿ ನಮ್ಮ ಸಾಫ್ಟ್‌ವೇರ್ ಓಡುತ್ತಾ?" ಅನ್ನೋ ಹಳೇ ಭಯ ಬೇಡ. ಓಡುತ್ತದೆ. ವ್ಯತ್ಯಾಸ ಇರುವುದು ಒಳಗಿನ ಕಟ್ಟಡದಲ್ಲಿ.

ಇಂಟೆಲ್ 2021ರ 12ನೇ ಪೀಳಿಗೆಯಿಂದ ಎರಡು ಅಳತೆಯ ಕೋರ್‌ಗಳನ್ನು ಒಂದೇ ಚಿಪ್‌ನಲ್ಲಿ ಇಡತೊಡಗಿತು. ಚುರುಕಾದ ದೊಡ್ಡವು ಪಿ ಕೋರ್, ಕಡಿಮೆ ಕರೆಂಟ್ ತಿನ್ನುವ ಚಿಕ್ಕವು ಇ ಕೋರ್. ಮುಂದೆ ಕೂತು ಮಾಡುವ ಕೆಲಸ ಪಿ ಕೋರ್‌ಗೆ, ಹಿಂದೆ ನಡೆಯುವ ಕೆಲಸ ಮತ್ತು ದೊಡ್ಡ ಕೆಲಸದ ತುಂಡುಗಳು ಇ ಕೋರ್‌ಗೆ. ಒಳ್ಳೆಯ ಯೋಚನೆಯೇ. ಆದರೆ ಇದರಿಂದ ಕೋರ್ ಎಣಿಕೆಗೆ ಬೆಲೆ ಹೋಯಿತು. ಐ5-1235ಯು ಲ್ಯಾಪ್‌ಟಾಪ್ ಮೇಲೆ "10 ಕೋರ್" ಅಂತ ಬರೆದಿರುತ್ತದೆ. ಅದರಲ್ಲಿ ದೊಡ್ಡವು 2, ಚಿಕ್ಕವು 8. ಪಕ್ಕದಲ್ಲಿರುವ ಎಎಂಡಿ ರೈಜನ್ 5 7530ಯುನಲ್ಲಿ 6 ಕೋರ್, ಆರೂ ಒಂದೇ ಅಳತೆ. 10 ಮೇಲೋ 6 ಮೇಲೋ ಅಂತ ಸಂಖ್ಯೆ ನೋಡಿ ಹೇಳಲು ಬರುವುದಿಲ್ಲ. ವಿಚಿತ್ರ ಅಂದರೆ ಎರಡರಲ್ಲೂ ಥ್ರೆಡ್ 12.

ಎಎಂಡಿಯ ದಾರಿ ಬೇರೆ. 2019ರ ಝೆನ್ 2 ಎಂಬ ವಿನ್ಯಾಸದಿಂದ ಅವರ ಹೆಚ್ಚಿನ ಡೆಸ್ಕ್‌ಟಾಪ್ ಚಿಪ್‌ಗಳು ಒಂದೇ ತುಂಡಲ್ಲ. 8 ಕೋರ್‌ವರೆಗಿನ ಒಂದು ತುಂಡು, ಮೆಮೊರಿ ಮತ್ತು ಹೊರಗಿನ ಸಂಪರ್ಕ ನೋಡಿಕೊಳ್ಳಲು ಇನ್ನೊಂದು ತುಂಡು. 16 ಕೋರ್ ಬೇಕಾದರೆ ಕೋರ್‌ನ ತುಂಡು ಎರಡು. ಒಂದು ತುಂಡಿನ ಕೋರ್ ಇನ್ನೊಂದು ತುಂಡಿನ ಕೋರ್ ಜೊತೆ ಪದೇ ಪದೇ ಮಾತಾಡಬೇಕಾದಾಗ ಚೂರು ತಡವಾಗುತ್ತದೆ. ಒಂದಕ್ಕೊಂದು ಸಂಬಂಧವಿಲ್ಲದ ಕೆಲಸಗಳಾದರೆ ಈ ತಡ ಗೊತ್ತೇ ಆಗುವುದಿಲ್ಲ. ಎಎಂಡಿಯ ಇನ್ನೊಂದು ಅಸ್ತ್ರ ಎಕ್ಸ್3ಡಿ: ಚಿಪ್ ಮೇಲೆ ಹೆಚ್ಚುವರಿ ಕ್ಯಾಶ್ ಮೆಮೊರಿಯನ್ನು (ಕೋರ್‌ಗಳ ಪಕ್ಕದಲ್ಲೇ ಇರುವ ಚಿಕ್ಕ, ವೇಗದ ಮೆಮೊರಿ) ಅಂತಸ್ತಿನಂತೆ ಕೂರಿಸುವುದು. 5800ಎಕ್ಸ್‌ನಲ್ಲಿ ಎಲ್3 ಕ್ಯಾಶ್ 32 ಎಂಬಿ, 2022ರ 5800ಎಕ್ಸ್3ಡಿಯಲ್ಲಿ 96 ಎಂಬಿ. ಆಟಗಳಲ್ಲಿ, ಕೆಲವು ಸಿಮ್ಯುಲೇಶನ್‌ಗಳಲ್ಲಿ ಇದು ಭಾರೀ ಫರಕು ಮಾಡುತ್ತದೆ. ವಿಡಿಯೋ ಎಕ್ಸ್‌ಪೋರ್ಟ್, ರೆಂಡರ್ ಮಾಡುವವರಿಗೆ ಆ ಹಣ ದಂಡ.

ಮೂರನೆಯದು ಆರ್ಮ್. 1985ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಹುಟ್ಟಿದ ವಿನ್ಯಾಸ, ನಿಮ್ಮ ಜೇಬಿನ ಫೋನಿನಲ್ಲಿ ಇರುವುದು ಹೆಚ್ಚುಕಡಿಮೆ ಖಂಡಿತ ಇದೇ. 2020ರಲ್ಲಿ ಆಪಲ್ ಎಂ1 ಬಂದ ಮೇಲೆ ಲ್ಯಾಪ್‌ಟಾಪ್‌ನಲ್ಲೂ ಇದನ್ನು ಗಂಭೀರವಾಗಿ ನೋಡತೊಡಗಿದರು. ಫ್ಯಾನ್ ಇಲ್ಲದ ಮ್ಯಾಕ್‌ಬುಕ್ ಏರ್ ಇಡೀ ದಿನ ಬ್ಯಾಟರಿಯಲ್ಲಿ ಓಡುವುದನ್ನು ಕಂಡರೆ ಯಾರಿಗಾದರೂ ಆಸೆ ಹುಟ್ಟುತ್ತದೆ. ವಿಂಡೋಸ್ ಕಡೆ ಸ್ನಾಪ್‌ಡ್ರ್ಯಾಗನ್ ಎಕ್ಸ್ ಲ್ಯಾಪ್‌ಟಾಪ್‌ಗಳು 2024ರಲ್ಲಿ ಬಂದವು.

ಇಲ್ಲಿ ಒಂದು ಎಚ್ಚರ. ಆರ್ಮ್ ವಿಂಡೋಸ್ ಹಳೇ ಎಕ್ಸ್86 ಪ್ರೋಗ್ರಾಂಗಳನ್ನು ಅನುವಾದಿಸಿಕೊಂಡು ಓಡಿಸುತ್ತದೆ. ಡ್ರೈವರ್‌ಗಳನ್ನು, ಅಂದರೆ ಪ್ರಿಂಟರ್‌ನಂಥ ಸಾಧನಗಳನ್ನು ನಡೆಸುವ ಪ್ರೋಗ್ರಾಂಗಳನ್ನು, ಮಾತ್ರ ಹಾಗೆ ಓಡಿಸಲು ಆಗುವುದಿಲ್ಲ. ಅವು ಆರ್ಮ್‌ಗೆಂದೇ ಬರೆದಿರಬೇಕು. ನಮ್ಮ ಕಡೆಯ ಆಫೀಸುಗಳ ಮೇಜು ನೆನಪಿಸಿಕೊಳ್ಳಿ: ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್, ಬೆರಳಚ್ಚು ಓದುವ ಯಂತ್ರ, ಹಳೇ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್, ಸಾಫ್ಟ್‌ವೇರ್ ಬೀಗದ ಡಾಂಗಲ್. ಇವುಗಳಲ್ಲಿ ಒಂದು ಕೈಕೊಟ್ಟರೂ ಕೆಲಸ ನಿಂತಿತು. ಆಡಿಟರ್‌ಗಳು, ಗ್ರಾಮ ಒನ್ ಕೇಂದ್ರದವರು, ಪಹಣಿ ತೆಗೆದುಕೊಡುವವರು ಸದ್ಯಕ್ಕೆ ಎಕ್ಸ್86ನಲ್ಲೇ ಇರಿ ಅನ್ನೋದು ನನ್ನ ಸಲಹೆ. ಹೆಬ್ಬಾಳದ ಐಟಿ ಕಂಪನಿಗಳಲ್ಲಿ ಸರ್ವರ್ ಕೋಡ್ ಬರೆಯುವವರ ಮಾತು ಬೇರೆ. ಅಮೆಜಾನ್ 2018ರಿಂದಲೇ ತನ್ನ ಗ್ರಾವಿಟಾನ್ ಎಂಬ ಆರ್ಮ್ ಚಿಪ್‌ಗಳನ್ನು ಕ್ಲೌಡ್‌ನಲ್ಲಿ ಬಾಡಿಗೆಗೆ ಕೊಡುತ್ತಿದೆ. ಜಾವಾ, ಪೈಥಾನ್, ನೋಡ್ ಕೋಡ್ ಬಹುಪಾಲು ಹಾಗೇ ಓಡುತ್ತದೆ. ಒಂದು ದಿನದ ಬಾಡಿಗೆ ಕೊಟ್ಟು ಎರಡರಲ್ಲೂ ಓಡಿಸಿ, ಒಂದು ರೂಪಾಯಿಗೆ ಎಷ್ಟು ಕೆಲಸ ಆಯಿತು ಅಂತ ನೋಡಿದರೆ ವಾದವೇ ಮುಗಿಯಿತು.

ಮೂರು: ನಿಮ್ಮ ಕೆಲಸಕ್ಕೆ ಹೊಂದಿಸಿ

ಬಿಲ್ಲಿಂಗ್, ಲೆಕ್ಕಪತ್ರ, ನುಡಿಯಲ್ಲಿ ಟೈಪಿಂಗ್, ಬ್ರೌಸರ್. ಇದಕ್ಕೆ ಐ3-12100 ಥರದ 4 ಚುರುಕು ಕೋರ್ ಧಾರಾಳ. ಎಕ್ಸೆಲ್‌ನಲ್ಲಿ ಮ್ಯಾಕ್ರೋ ಬಳಸುವವರಿಗೂ ಅಷ್ಟೇ, ಮ್ಯಾಕ್ರೋ ಓಡುವುದು ಒಂದೇ ಥ್ರೆಡ್‌ನಲ್ಲಿ. ದಿನವಿಡೀ ಆನ್ ಇರುವ ಕೌಂಟರ್ ಅಥವಾ ಚಿಕ್ಕ ಫೈಲ್ ಸರ್ವರ್ ಆದರೆ ಇಂಟೆಲ್ ಎನ್100 ನೋಡಿ. 4 ಇ ಕೋರ್ ಮಾತ್ರ, ಲೆಕ್ಕಕ್ಕೆ 6 ವ್ಯಾಟ್‌ನ ಚಿಪ್.

ಆಟೋಕ್ಯಾಡ್‌ನಲ್ಲಿ ಮನೆ ಪ್ಲಾನ್ ಹಾಕುವವರಿಗೂ ಒಂಟಿ ಕೋರ್‌ನ ವೇಗವೇ ಮುಖ್ಯ. ಅದೇ ಮನೆಯನ್ನು ಬ್ಲೆಂಡರ್‌ನಲ್ಲಿ ಹಾಕಿ ಸಿಪಿಯು ಮೇಲೆ ರೆಂಡರ್ ಮಾಡಿದರೆ (ಅಂದರೆ ಅಂತಿಮ ಚಿತ್ರ ತೆಗೆದರೆ) ಎಲ್ಲ ಕೋರ್‌ಗಳೂ ದುಡಿಯುತ್ತವೆ. ಎರಡನ್ನೂ ಮಾಡುವವರು ದಿನಕ್ಕೆ ಯಾವುದಕ್ಕೆ ಎಷ್ಟು ಹೊತ್ತು ಕಾಯುತ್ತೀರಿ ಅಂತ ನೋಡಿಕೊಂಡು ಆರಿಸಿ.

ವಿಡಿಯೋ ಸ್ಟುಡಿಯೋ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಹಣ ಜಾಸ್ತಿ ಹಾಳಾಗುವುದು ಇಲ್ಲೇ. "ಸಾರ್, ದೊಡ್ಡ ಪ್ರೊಸೆಸರ್ ಹಾಕ್ಸಿದೀನಿ, ಆದ್ರೂ ಟೈಮ್‌ಲೈನ್ ತಡವರಿಸ್ತಿದೆ" ಅನ್ನುವವರನ್ನು ಬೇಕಾದಷ್ಟು ನೋಡಿದ್ದೇನೆ. ಈಗಿನ ಮಿರರ್‌ಲೆಸ್ ಕ್ಯಾಮೆರಾಗಳು ಎಚ್.265 ಎಂಬ, ವಿಡಿಯೋ ಕುಗ್ಗಿಸಿಡುವ ವಿಧಾನದಲ್ಲಿ 10 ಬಿಟ್, 4:2:2 ಅನ್ನುವ ಬಗೆಯಲ್ಲಿ ರೆಕಾರ್ಡ್ ಮಾಡುತ್ತವೆ. ಬಣ್ಣ ತಿದ್ದಲು ಚೆನ್ನಾಗಿರುತ್ತದೆ, ಬಿಚ್ಚಿ ಓದಲು ಕಷ್ಟ. ಇದನ್ನು ಬಿಚ್ಚಲೆಂದೇ ಇರುವ ಪ್ರತ್ಯೇಕ ಸರ್ಕ್ಯೂಟ್ ಇಂಟೆಲ್‌ನ 11ನೇ ಪೀಳಿಗೆಯಿಂದ ಮುಂದಿನ ಒಳಗ್ರಾಫಿಕ್ಸ್‌ನಲ್ಲಿ, ಅಂದರೆ ಚಿಪ್ ಒಳಗೇ ಇರುವ ಗ್ರಾಫಿಕ್ಸ್ ಭಾಗದಲ್ಲಿ ಇದೆ. ಆಪಲ್‌ನ ಎಂ ಸರಣಿಯಲ್ಲಿದೆ. ಎನ್‌ವಿಡಿಯಾದ ಆರ್‌ಟಿಎಕ್ಸ್ 50 ಸರಣಿಯ ಗ್ರಾಫಿಕ್ಸ್ ಕಾರ್ಡ್‌ಗಳಲ್ಲಿ ಬಂದಿದೆ, ಅದಕ್ಕೆ ಹಿಂದಿನ ಸರಣಿಗಳಲ್ಲಿ ಇಲ್ಲ. ರೈಜನ್‌ನ ಒಳಗ್ರಾಫಿಕ್ಸ್‌ನಲ್ಲೂ ಇಲ್ಲ. ಆದ್ದರಿಂದ 16 ಕೋರ್‌ನ ರೈಜನ್ ಮತ್ತು ಆರ್‌ಟಿಎಕ್ಸ್ 30 ಸರಣಿಯ ಕಾರ್ಡ್ ಇರುವ ದುಬಾರಿ ಯಂತ್ರ ತಡವರಿಸುವಾಗ, ಒಳಗ್ರಾಫಿಕ್ಸ್ ಇರುವ ಸಾಧಾರಣ ಐ5 ಅದೇ ಫೈಲನ್ನು ಸಲೀಸಾಗಿ ಓಡಿಸುವುದುಂಟು.

ಪರೀಕ್ಷೆ ಸುಲಭ. ಟೈಮ್‌ಲೈನ್ ಓಡಿಸುತ್ತಾ ಟಾಸ್ಕ್ ಮ್ಯಾನೇಜರ್‌ನ ಜಿಪಿಯು (ಗ್ರಾಫಿಕ್ಸ್ ಚಿಪ್) ಪುಟದಲ್ಲಿ ವಿಡಿಯೋ ಡಿಕೋಡ್ ಗ್ರಾಫ್ ನೋಡಿ. ಅದು ಸೊನ್ನೆಯಲ್ಲಿ ಮಲಗಿದ್ದು ಸಿಪಿಯು ಚೌಕಗಳೆಲ್ಲ ತುಂಬಿದ್ದರೆ ರೋಗ ಇದೇ. ಎಡಿಟಿಂಗ್ ಸಾಫ್ಟ್‌ವೇರ್‌ನ ಸೆಟ್ಟಿಂಗ್‌ನಲ್ಲಿ ಹಾರ್ಡ್‌ವೇರ್ ಡಿಕೋಡಿಂಗ್ ಆನ್ ಆಗಿದೆಯಾ ಅಂತಲೂ ನೋಡಿ. ಹೊಸ ಯಂತ್ರಕ್ಕೆ ದುಡ್ಡಿಲ್ಲದಿದ್ದರೆ ಪ್ರಾಕ್ಸಿ ಫೈಲ್, ಅಂದರೆ ಅದೇ ಕ್ಲಿಪ್‌ನ ಹಗುರ ಪ್ರತಿ, ಮಾಡಿಕೊಂಡು ಎಡಿಟ್ ಮಾಡಿ. ರಾತ್ರಿ ಪ್ರಾಕ್ಸಿ ತಯಾರಾಗಲು ಬಿಟ್ಟು ಮಲಗಿದರೆ ಖರ್ಚೇ ಇಲ್ಲ.

ಎಂಜಿನಿಯರಿಂಗ್ ಓದುವ ಮಕ್ಕಳಿಗೆ ಲ್ಯಾಪ್‌ಟಾಪ್ ಕೊಡಿಸುವ ಅಪ್ಪ ಅಮ್ಮಂದಿರೇ, ಮೊದಲ ಎರಡು ವರ್ಷದ ಕೋಡಿಂಗ್‌ಗೆ ಯಾವ ಹೊಸ ಚಿಪ್ಪೂ ಸಾಕು. 16 ಜಿಬಿ ರ‍್ಯಾಮ್ ಇರಲಿ. ಮೆಷಿನ್ ಲರ್ನಿಂಗ್ ಕಲಿಯುವವರಿಗೆ ಭಾರದ ತರಬೇತಿ ನಡೆಯುವುದು ಜಿಪಿಯು ಮೇಲೆ, ಅದಕ್ಕೆ ಗೂಗಲ್ ಕೊಲ್ಯಾಬ್ ಥರದ ಉಚಿತ ದಾರಿಯೂ ಇದೆ.

ಹಳೇ ಕನ್ನಡ ಪುಸ್ತಕಗಳನ್ನು ಸ್ಕ್ಯಾನ್ ಮಾಡಿ ಟೆಸರಾಕ್ಟ್ ಎಂಬ ಸಾಫ್ಟ್‌ವೇರ್‌ನಿಂದ ಅಕ್ಷರ ತೆಗೆಯುವವರಿಗೆ ಒಂದು ಗುಟ್ಟು. ಟೆಸರಾಕ್ಟ್ ಒಂದು ಪುಟಕ್ಕೆ ತಾನಾಗಿ 4 ಥ್ರೆಡ್‌ವರೆಗೆ ಬಳಸುತ್ತದೆ, ಆದರೆ ಅದರಿಂದ ಸಿಗುವ ಲಾಭ ಕಡಿಮೆ. ಅದರ ಥ್ರೆಡ್ ಮಿತಿಯನ್ನು 1ಕ್ಕೆ ಇಳಿಸಿ, ಕೋರ್‌ಗೆ ಒಂದು ಪುಟದಂತೆ ಹಲವು ಪುಟಗಳನ್ನು ಒಟ್ಟಿಗೆ ಓಡಿಸಿ. ಇಡೀ ಪುಸ್ತಕ ಎಷ್ಟೋ ಬೇಗ ಮುಗಿಯುತ್ತದೆ. ಪುಟಕ್ಕೂ ಪುಟಕ್ಕೂ ಸಂಬಂಧವಿಲ್ಲದ ಇಂಥ ಕೆಲಸಕ್ಕೆ ಹೆಚ್ಚು ಕೋರ್‌ನ ರೈಜನ್ 9 ಅಥವಾ ಇ ಕೋರ್ ತುಂಬಿದ ಐ7 ಎರಡೂ ಒಗ್ಗುತ್ತವೆ.

ಮನೆ ಕಂಪ್ಯೂಟರಿನಲ್ಲೇ ಚಾಟ್‌ಜಿಪಿಟಿ ಥರದ ಭಾಷಾ ಮಾದರಿ ಓಡಿಸುವ ಹುಚ್ಚು ಈಗ ಹಲವರಿಗಿದೆ. ಇಲ್ಲಿ ಕೋರ್ ಅಲ್ಲ, ಮೆಮೊರಿಯ ವೇಗವೇ ಮಿತಿ. ಒಂದೊಂದು ಟೋಕನ್ (ಪದ ಅಥವಾ ಪದದ ತುಂಡು) ಹೊರಬರಲು ಇಡೀ ಮಾದರಿಯನ್ನು ಮೆಮೊರಿಯಿಂದ ಒಮ್ಮೆ ಓದಬೇಕು. ಡಿಡಿಆರ್4-3200 ಬಗೆಯ ರ‍್ಯಾಮ್ ಎರಡು ಸ್ಟಿಕ್ ಹಾಕಿದರೆ ಸೆಕೆಂಡಿಗೆ 51.2 ಜಿಬಿ ಓದಬಹುದು. ಮಾದರಿ 4 ಜಿಬಿ ಇದ್ದರೆ ಸೆಕೆಂಡಿಗೆ 12.8 ಟೋಕನ್ ದಾಟುವುದಿಲ್ಲ. ಒಂದೇ ಸ್ಟಿಕ್ ಹಾಕಿದರೆ 6.4. ಆಪಲ್ ಎಂ1 ಮ್ಯಾಕ್ಸ್‌ನ ಮೆಮೊರಿ ಸೆಕೆಂಡಿಗೆ 400 ಜಿಬಿ, ಅಲ್ಲಿ ಅದೇ ಮಿತಿ 100ಕ್ಕೆ ಏರುತ್ತದೆ. ಕನ್ನಡದಲ್ಲಿ ಕೇಳಿದರೆ ಇನ್ನೂ ನಿಧಾನ ಅನ್ನಿಸುತ್ತದೆ, ಯಾಕೆಂದರೆ ನಮ್ಮ ಒಂದು ಪದವನ್ನು ಬಹಳಷ್ಟು ಮಾದರಿಗಳು ಹಲವು ಟೋಕನ್‌ಗಳಾಗಿ ಚೂರು ಮಾಡುತ್ತವೆ.

ನಾಲ್ಕು: ಡಬ್ಬದ ಮೇಲಿನ ನಂಬರ್ ಪೂರ್ತಿ ಓದಿ

"ಐ5", "ರೈಜನ್ 5" ಅನ್ನೋದು ಏನನ್ನೂ ಹೇಳುವುದಿಲ್ಲ. ಅದರ ಮುಂದಿನ ಅಂಕಿ ಮತ್ತು ಕೊನೆಯ ಅಕ್ಷರ ಬೇಕು. ಇಂಟೆಲ್‌ನಲ್ಲಿ ಎಫ್ ಇದ್ದರೆ ಒಳಗ್ರಾಫಿಕ್ಸ್ ಇಲ್ಲ. ಐ5-12400ಎಫ್ ಚೂರು ಅಗ್ಗ ಅಂತ ತಂದು, ಗ್ರಾಫಿಕ್ಸ್ ಕಾರ್ಡ್ ಇಲ್ಲದೆ ಪರದೆ ಕಪ್ಪಾಗಿದ್ದನ್ನು ನೋಡಿ ವಾಪಸ್ ಅಂಗಡಿಗೆ ಓಡುವವರಿಗೆ ಕೊರತೆಯಿಲ್ಲ. ಕೆ ಇದ್ದರೆ ವೇಗ ಏರಿಸಬಹುದಾದ್ದು, ಕರೆಂಟೂ ಜಾಸ್ತಿ. ಲ್ಯಾಪ್‌ಟಾಪ್‌ನಲ್ಲಿ ಯು ಅಂದರೆ ಸಾಮಾನ್ಯವಾಗಿ 15 ವ್ಯಾಟ್ ಸುತ್ತಿನದು, ಎಚ್ ಅಂದರೆ 45 ವ್ಯಾಟ್ ಸುತ್ತಿನದು.

ಎಎಂಡಿ ಲ್ಯಾಪ್‌ಟಾಪ್‌ನ 7000 ಸರಣಿಯಲ್ಲಿ ಮೂರನೇ ಅಂಕಿ ನೋಡಿ. 7520ಯು, 7530ಯು, 7540ಯು ಮೂರೂ ರೈಜನ್ 5. ಮೊದಲನೆಯದು ಝೆನ್ 2, 4 ಕೋರ್. ಎರಡನೆಯದು ಝೆನ್ 3, 6 ಕೋರ್. ಮೂರನೆಯದು ಝೆನ್ 4. ಒಂದೇ ಅಂಕಿಯಲ್ಲಿ ಮೂರು ಪೀಳಿಗೆ ಅಡಗಿದೆ. 2019ರ ವಿನ್ಯಾಸವನ್ನು ಹೊಸ ನಂಬರಿನಲ್ಲಿ ಮಾರುವ ಈ ಬುದ್ಧಿ ನನಗಂತೂ ಹಿಡಿಸಲಿಲ್ಲ. ಇಂಟೆಲ್ ಕೂಡ ಕಮ್ಮಿಯಿಲ್ಲ. 2024ರ ಕೋರ್ 5 120ಯು ಹೊಸ ಹೆಸರು, ಒಳಗಿರುವುದು ಹಿಂದಿನ ಪೀಳಿಗೆಯ ವಿನ್ಯಾಸ. ಹೊಸದು ಬೇಕಾದರೆ ಹೆಸರಲ್ಲಿ ಅಲ್ಟ್ರಾ ಇದೆಯಾ ಅಂತ ನೋಡಬೇಕಿತ್ತು.

ಐದು: ಒಂದೇ ತಕ್ಕಡಿಯಲ್ಲಿ ತೂಗಿ

ಸಿನೆಬೆಂಚ್, ಗೀಕ್‌ಬೆಂಚ್ ಎಂಬ ವೇಗ ಅಳೆಯುವ ಪ್ರೋಗ್ರಾಂಗಳ ಅಂಕಗಳಲ್ಲಿ ಒಂಟಿ ಕೋರ್ ಮತ್ತು ಎಲ್ಲ ಕೋರ್ ಅಂತ ಎರಡು ಇರುತ್ತವೆ. ಮೊದಲ ಹೆಜ್ಜೆಯಲ್ಲಿ ನಿಮ್ಮ ಕೆಲಸ ಯಾವ ಬಗೆ ಅಂತ ಗೊತ್ತಾಯಿತಲ್ಲ, ಆ ಅಂಕವನ್ನಷ್ಟೇ ನೋಡಿ. ಹೋಲಿಸುವ ಎರಡೂ ಯಂತ್ರಗಳಲ್ಲಿ ರ‍್ಯಾಮ್ ಒಂದೇ ಥರ ಇರಲಿ, ಒಂದರಲ್ಲಿ ಒಂಟಿ ಸ್ಟಿಕ್, ಇನ್ನೊಂದರಲ್ಲಿ ಜೋಡಿ ಸ್ಟಿಕ್ ಇದ್ದರೆ ಆ ಹೋಲಿಕೆ ಸುಳ್ಳು. ಲ್ಯಾಪ್‌ಟಾಪ್ ಆದರೆ ಒಂದು ನಿಮಿಷದ ಅಂಕ ನಂಬಬೇಡಿ. ಐ5-1235ಯು ಚಿಪ್ 15 ವ್ಯಾಟ್‌ನದ್ದು ಅಂತಾರೆ, ಶುರುವಿನಲ್ಲಿ 55 ವ್ಯಾಟ್‌ವರೆಗೂ ಹಾರುತ್ತದೆ, ಬಿಸಿಯಾದ ಮೇಲೆ ಇಳಿಯುತ್ತದೆ. ಸಿನೆಬೆಂಚ್ ಆರ್23ರಲ್ಲಿ 10 ನಿಮಿಷ ಓಡಿಸುವ ವ್ಯವಸ್ಥೆ ಇದೆ, ಅದನ್ನೇ ಬಳಸಿ. ಏಸಿ ಹಾಕಿದ ಶೋರೂಮಿನಲ್ಲಿ ಬಂದ ಅಂಕ ಏಪ್ರಿಲ್ ತಿಂಗಳಲ್ಲಿ ಮಂಡ್ಯದ ಶೀಟ್ ಮನೆಯಲ್ಲಿ ಬರುವುದಿಲ್ಲ, ಅಲ್ವಾ?

ಎಲ್ಲಕ್ಕಿಂತ ಒಳ್ಳೆಯ ಪರೀಕ್ಷೆ ನಿಮ್ಮದೇ ಫೈಲ್. ನಿಮ್ಮ ಪ್ಲಾನ್, ನಿಮ್ಮ ಕ್ಯಾಮೆರಾದ ಒಂದು ಕ್ಲಿಪ್, ನಿಮ್ಮ ದೊಡ್ಡ ಎಕ್ಸೆಲ್ ಶೀಟ್ ಪೆನ್‌ಡ್ರೈವ್‌ಗೆ ಹಾಕಿಕೊಂಡು ಹೋಗಿ. ಇಂಥದೇ ಯಂತ್ರ ಇರುವ ಸ್ನೇಹಿತರ ಮನೆಯಾದರೂ ಸರಿ, ಡೆಮೊ ಕೊಡುವ ಅಂಗಡಿಯಾದರೂ ಸರಿ, ಗಡಿಯಾರ ಹಿಡಿದು ಓಡಿಸಿ.

ಆರು: ಚಿಪ್‌ನ ಜೊತೆ ಬರುವ ಖರ್ಚು ಕೂಡಿಸಿ

ಚಿಪ್ ಬೆಲೆ ಮಾತ್ರ ನೋಡಿದರೆ ಲೆಕ್ಕ ತಪ್ಪುತ್ತದೆ. ಎಎಂಡಿಯ ಎಎಂ5 ಮದರ್‌ಬೋರ್ಡ್‌ಗೆ ಡಿಡಿಆರ್5 ರ‍್ಯಾಮ್ ಮಾತ್ರ. ಹಳೇ ಎಎಂ4ಗೆ ಡಿಡಿಆರ್4. ಇಂಟೆಲ್‌ನ 12ರಿಂದ 14ನೇ ಪೀಳಿಗೆಗೆ ಬೋರ್ಡ್ ಯಾವುದು ಅನ್ನೋದರ ಮೇಲೆ ಎರಡರಲ್ಲಿ ಒಂದು. ನಾಲ್ಕು ವರ್ಷ ಬಿಟ್ಟು ಚಿಪ್ ಮಾತ್ರ ಬದಲಿಸುವ ಆಸೆ ಇದ್ದರೆ ಎಎಂಡಿಗೆ ಒಂದು ಅಂಕ ಜಾಸ್ತಿ. 2017ರ ಕೆಲವು ಬೋರ್ಡ್‌ಗಳು ಬಯೋಸ್ (ಬೋರ್ಡ್‌ನ ಒಳಗಿರುವ ಮೂಲ ಸಾಫ್ಟ್‌ವೇರ್) ಅಪ್‌ಡೇಟ್ ಆದ ಮೇಲೆ 2022ರ 5800ಎಕ್ಸ್3ಡಿಯನ್ನೂ ಓಡಿಸಿದವು. ಇಂಟೆಲ್ 2024ರ ಕೋರ್ ಅಲ್ಟ್ರಾ 200 ಡೆಸ್ಕ್‌ಟಾಪ್ ಚಿಪ್‌ಗೆ ಸಾಕೆಟ್ಟನ್ನೇ (ಬೋರ್ಡ್ ಮೇಲೆ ಚಿಪ್ ಕೂರುವ ಜಾಗ) ಬದಲಿಸಿತು.

ಕರೆಂಟ್ ಹೋಗುವ ಊರಲ್ಲಿ ಯುಪಿಎಸ್ ಲೆಕ್ಕವೂ ಬೇಕು. ಸಾಮಾನ್ಯ 600 ವಿಎ ಯುಪಿಎಸ್ ಹೊರುವುದು ಸುಮಾರು 360 ವ್ಯಾಟ್. ಐ9-14900ಕೆ ಒಂದೇ 253 ವ್ಯಾಟ್‌ವರೆಗೆ ಎಳೆಯಬಲ್ಲದು. ಜೊತೆಗೆ ಗ್ರಾಫಿಕ್ಸ್ ಕಾರ್ಡ್ ಇದ್ದರೆ ಕರೆಂಟ್ ಹೋದ ಕ್ಷಣವೇ ಯುಪಿಎಸ್ ಕೂಗಿ ಆಫ್ ಆಗುತ್ತದೆ, ರೆಂಡರ್ ಅರ್ಧಕ್ಕೆ ನಿಲ್ಲುತ್ತದೆ. ಸೆಸ್ಕ್ ಕರೆಂಟ್ ಬಿಲ್ ಲೆಕ್ಕಕ್ಕೆ ಹೀಗೆ ಮಾಡಿ: ಎರಡು ಯಂತ್ರಗಳ ನಡುವೆ 100 ವ್ಯಾಟ್ ವ್ಯತ್ಯಾಸ, ದಿನಕ್ಕೆ 8 ಗಂಟೆ, ವರ್ಷಕ್ಕೆ 300 ದಿನ ಅಂದರೆ 240 ಯೂನಿಟ್. ನಿಮ್ಮ ಬಿಲ್ಲಿನಲ್ಲಿರುವ ದರದಿಂದ ಗುಣಿಸಿ.

ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಇಂಟೆಲ್‌ನ 13 ಮತ್ತು 14ನೇ ಪೀಳಿಗೆಯ ದೊಡ್ಡ ಡೆಸ್ಕ್‌ಟಾಪ್ ಚಿಪ್‌ಗಳ ವಿಷಯದಲ್ಲಿ ಹುಷಾರು. ವೋಲ್ಟೇಜ್ ಜಾಸ್ತಿ ಹೋಗಿ ಚಿಪ್ ಕ್ರಮೇಣ ಹಾಳಾಗುವ ಸಮಸ್ಯೆಯನ್ನು 2024ರಲ್ಲಿ ಇಂಟೆಲ್ಲೇ ಒಪ್ಪಿಕೊಂಡು ಬಯೋಸ್ ಅಪ್‌ಡೇಟ್ ಮೂಲಕ ತಿದ್ದುಪಡಿ ಕೊಟ್ಟಿತು, ವಾರಂಟಿಯನ್ನು 2 ವರ್ಷ ಹೆಚ್ಚಿಸಿತು. ಆಗಲೇ ಪೆಟ್ಟು ತಿಂದ ಚಿಪ್ ಅಪ್‌ಡೇಟ್‌ನಿಂದ ಸರಿಹೋಗುವುದಿಲ್ಲ. ಹಳೇ ಮಾಲೀಕರು ಬಯೋಸ್ ಅಪ್‌ಡೇಟ್ ಯಾವಾಗ ಮಾಡಿದರು ಅಂತ ಕೇಳಿ, ಒಂದು ಗಂಟೆ ಭಾರದ ಕೆಲಸ ಓಡಿಸಿ ನೋಡಿ.

ಹೊಸದು ಕೊಂಡರೆ ಜಿಎಸ್‌ಟಿ ಬಿಲ್ಲಿನಲ್ಲಿ ಪೂರ್ತಿ ಮಾಡೆಲ್ ನಂಬರ್ ಮತ್ತು ಸೀರಿಯಲ್ ನಂಬರ್ ಬರೆಸಿ. "ಐ5 ಸಿಸ್ಟಮ್" ಅಂತಷ್ಟೇ ಬರೆದ ಬಿಲ್ ಕೊಟ್ಟರೆ ಅಲ್ಲೇ ನಿಂತು ತಿದ್ದಿಸಿಕೊಳ್ಳಿ.